ಸಂಘಕ್ಕೆ ಹೇಳಿದ ಮಾತು

೧೧ ಆಗಸ್ಟ್ ೧೯೩೬, ಮಂಗಳವಾರ

ಇವತ್ತು ಮಿಲ್ಲಿನಲ್ಲಿ ಒಂದು ಜೀವ ಹೋಯಿತು. ಹುಟ್ಟುವ ಮೊದಲೇ ಹೋಯಿತು, ಆದ್ದರಿಂದ ಯಾವ ಸಾಹುಕಾರನೂ ಅದನ್ನು ಸಾವು ಎಂದು ಒಪ್ಪುವುದಿಲ್ಲ.

ನಮ್ಮ ವೈಂಡಿಂಗ್ ಖಾತೆಯವಳೇ. ರೇಷ್ಮೆ ಎಳೆಯನ್ನು ಬಾಬಿನ್ನಿಗೆ ಸುತ್ತುವ ಸಾಲಿನಲ್ಲಿ ನನ್ನ ಪಕ್ಕಕ್ಕೇ ನಿಲ್ಲುವವಳು. ಊಟದ ಸಿಳ್ಳಿಗೆ ಮುಂಚೆಯೇ ಹೊಟ್ಟೆ ಹಿಡಿದುಕೊಂಡು ಮೇಸ್ತ್ರಿ ಡೊಮಿನಿಕ್ ಹತ್ತಿರ ಹೋಗಿ ಗೇಟ್ ಪಾಸ್ ಕೇಳಿದಳು. "ಎಳೆ ಕಿತ್ಕೊಂಡ್ರೆ ನಿನ್ ಹೊಟ್ಟೆನೋವು ಬಂದು ಗಂಟು ಹಾಕ್ತದಾ? ಹೋಗು, ನಿಂತ್ಕೋ" ಅಂದ. ಇನ್ನೊಮ್ಮೆ ಹೋದಳು. ಅದೇ ಮಾತು, ಇನ್ನೂ ಜೋರಾಗಿ. ಮತ್ತೆ ಹೋಗುವ ಶಕ್ತಿ ಅವಳಿಗಿರಲಿಲ್ಲ, ಮಿಷನ್ನಿನ ಬುಡದಲ್ಲೇ ಕುಸಿದಳು. ನಾನು ಅವಳನ್ನು ಕಿತ್ತ ಎಳೆಯ ಕಸರು ತುಂಬುವ ಕೋಣೆಗೆ ಎಳೆದುಕೊಂಡು ಹೋದೆ. ಮೂಟೆಗಳ ಹಿಂದೆ ಎಲ್ಲ ಆಗಿಹೋಯಿತು. ಅತ್ತ ಮಿಷನ್ನುಗಳು ಒಂದು ಗಳಿಗೆಯೂ ನಿಲ್ಲಲಿಲ್ಲ.

ಸಂಜೆ ಗುಂಪಿನ ನಡುವೆ ನಡೆಸಿಕೊಂಡು ಲಷ್ಕರ್ ಮೊಹಲ್ಲಾದ ನಮ್ಮ ಮನೆಗೆ ಕರೆತಂದೆ. ನಮ್ಮತ್ತೆ ಅಂತೋಣಿಯಮ್ಮ ಈ ಬೀದಿಯ ಅರ್ಧ ಮಕ್ಕಳನ್ನು ಹೆರಿಗೆ ಮಾಡಿಸಿದ ಕೈ. ಒಂದು ಪ್ರಶ್ನೆ ಕೇಳದೆ ನೀರು ಕಾಯಿಸಿದರು.

ಅವಳು ವಿಧವೆ. ಪುಟ್ಟ ಮಗಳ ಜೊತೆ ಹಿನಕಲ್ಲಿನಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ನನ್ನ ಕೈ ಹಿಡಿದುಕೊಂಡು ಹೇಳಿದಳು: "ಅಕ್ಕಾ, ನೀನು ಸಂಘದೋಳು ಅಂತ ನಂಬಿ ಬಾಯಿ ಬಿಟ್ಟಿವ್ನಿ. ನಮ್ಮಣ್ಣಂಗೆ ಗೊತ್ತಾದ್ರೆ ಮಗೀನ ಒಳಗಿಟ್ಕೊಂಡು ನನ್ನ ಬೀದಿಗೆ ತಳ್ತಾನೆ."

ಗಂಡಸು ಯಾರು ಎಂದು ನಾನು ಕೇಳಲಿಲ್ಲ. ಅದು ಸಂಘಕ್ಕೆ ಬೇಕಾದ ವಿಷಯ ಅಲ್ಲ. "ಇದು ನಿನ್ನ ಮಾತು ಕಣೆ. ನೀನು ಹೇಳು ಅಂದರೆ ಹೊರಗೆ ಬರುತ್ತೆ, ಬೇಡ ಅಂದರೆ ನನ್ನ ಜೊತೆ ಗುಂಡಿಗೆ ಹೋಗುತ್ತೆ" ಎಂದೆ. ಅವಳ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ.

೧೪ ಆಗಸ್ಟ್, ಶುಕ್ರವಾರ

ಸಂಘದ ಸಭೆ. ವೈಂಡಿಂಗ್ ಖಾತೆಯ ಹೆಂಗಸರ ಪರವಾಗಿ ಮಾತಾಡುವವಳು ನಾನೊಬ್ಬಳೇ. ಬೆಳಿಗ್ಗೆಯೇ ಅವಳನ್ನು ನಲ್ಲಿಯ ಹತ್ತಿರ ನಿಲ್ಲಿಸಿ ಕೇಳಿದ್ದೆ, ಸಭೆಯಲ್ಲಿ ಹೇಳಲೇ ಎಂದು. ಬಹಳ ಹೊತ್ತು ಯೋಚನೆ ಮಾಡಿ, "ಎಸ್ರಿಲ್ದಿದ್ರೆ ಹೇಳಕ್ಕ, ಇನ್ನೊಬ್ಬಳಿಗೆ ಅಂಗಾಗೋದು ಬ್ಯಾಡ" ಅಂದಳು.

ಹೆಸರಿಲ್ಲದೆ ಹೇಳಿದೆ. ಮಗ್ಗದ ಖಾತೆಯ ಗಂಡಸರು ತಲೆ ತಗ್ಗಿಸಿದರು. ಒಬ್ಬ ಮಾತ್ರ "ಯಾರು ಅಂತ ಗೊತ್ತಾಗದೆ ಹೆಂಗೆ ನಂಬೋದು?" ಅಂದ. ಕಾರ್ಯದರ್ಶಿ ಪುಟ್ಟಸ್ವಾಮಿ ಅವನ ಮೇಲೆ ಹರಿಹಾಯ್ದರು. "ನಿನ್ ತಂಗೀಗೆ ಆಗಿದ್ರೆ ಊರಿಗೆಲ್ಲ ಡಂಗೂರ ಹೊಡೀತಿದ್ಯೇನಯ್ಯಾ? ಜಯಮೇರಮ್ಮ ಕಂಡವ್ರೆ, ಸಾಕು. ಸಂಘಕ್ಕೆ ಹೇಳಿದ್ದು ಸಂಘದಲ್ಲೇ ಇರಬೇಕು. ಇಲ್ದಿದ್ರೆ ನಾಳೆ ಯಾವ ಕೂಲಿಯವಳು ನಮ್ಮ ಬಾಗಿಲಿಗೆ ಬಂದಾಳು?"

ಕರಪತ್ರ ಅಚ್ಚು ಹಾಕಿಸುವುದು ಎಂದು ತೀರ್ಮಾನ. ಬಸುರಿಯರಿಗೆ ರಜಾ ಬೇಕು, ಪಾಸು ಕೊಡುವ ಅಧಿಕಾರ ಮೇಸ್ತ್ರಿಯ ಕೈಯಿಂದ ತಪ್ಪಬೇಕು.

೨೯ ಆಗಸ್ಟ್, ಶನಿವಾರ

ಕರಪತ್ರ ಗೇಟಿನಲ್ಲಿ ಬಿಸಿ ದೋಸೆಯ ಹಾಗೆ ಹೋಯಿತು. ಓದು ಬಾರದವರು ಓದಿಸಿಕೊಂಡು ಕೇಳಿದರು. ಮಧ್ಯಾಹ್ನ ಮ್ಯಾನೇಜರು ನನ್ನನ್ನು ಆಫೀಸಿಗೆ ಕರೆಸಿದರು. ಕುರ್ಚಿ ಕೊಟ್ಟರು! ಎಂಟು ವರ್ಷದಲ್ಲಿ ಮೊದಲ ಸಲ.

"ಹೆಸರು ಹೇಳಿಬಿಡಮ್ಮ. ಪಾಪ, ಆಕೆಗೆ ಏನಾದರೂ ಸಹಾಯ ಮಾಡೋಣ."

"ಸಹಾಯ ಮಾಡೋಕೆ ಹೆಸರು ಯಾಕೆ ಸ್ವಾಮಿ? ಎಲ್ಲರಿಗೂ ಮಾಡಿ" ಎಂದೆ.

ಕುರ್ಚಿಯಿಂದ ಏಳು ಎಂದರು. ಸಂಜೆಗೆ ಸುದ್ದಿ: ಮಿಲ್ಲಿನ ಮಾನ ಕಳೆದರು ಎಂದು ಪುಟ್ಟಸ್ವಾಮಿಯವರ ಮೇಲೆ ಮೊಕದ್ದಮೆ. ಕೂಸು ಸತ್ತಿದ್ದು ಮಾನಕ್ಕೆ ಕುಂದಲ್ಲ, ಸತ್ತಿತು ಎಂದು ಅಚ್ಚು ಹಾಕಿಸಿದ್ದು ಕುಂದು.

೩ ಸೆಪ್ಟೆಂಬರ್, ಗುರುವಾರ

ವಕೀಲ ನಂಜುಂಡಸ್ವಾಮಿಯವರ ಮನೆಗೆ ನಾನೂ ಪುಟ್ಟಸ್ವಾಮಿಯವರೂ ಹೋಗಿದ್ದೆವು. ಒಳ್ಳೆಯ ಮನುಷ್ಯ, ಕೂಲಿಯವರಿಗೂ ಕಾಫಿ ಕೊಡುತ್ತಾರೆ. ನಡೆದದ್ದು ನಿಜವೆಂದು ತೋರಿಸಿದರೆ ಪುಟ್ಟಸ್ವಾಮಿ ಬಿಡುಗಡೆ. ತೋರಿಸಲು ಕಂಡವಳು ನಾನೊಬ್ಬಳು. ನಾನು ಕಟಕಟೆ ಹತ್ತಿದ ಕೂಡಲೆ ಅವರ ವಕೀಲ ಹೆಸರು ಕೇಳುತ್ತಾನೆ.

"ಹೇಳೋದಿಲ್ಲ ಅಂದರೆ?"

"ಒಂದು ವಾರ ಒಳಗೆ ಹಾಕಬಹುದು ಕಣಮ್ಮ."

"ನಿಮ್ಮ ಕಕ್ಷಿಗಾರ ನಿಮಗೆ ಹೇಳಿದ ಗುಟ್ಟನ್ನು ಹೇಳಿ ಅಂತ ಕೇಳಿದರೆ ನಿಮ್ಮನ್ನೂ ಹಾಕ್ತಾರಾ?"

ನಕ್ಕರು. "ಇಲ್ಲ. ವಕೀಲನಿಗೆ ಹೇಳಿದ ಮಾತಿಗೆ ಕಾನೂನಿನ ರಕ್ಷಣೆ ಇದೆ. ಗಂಡ ಹೆಂಡತಿಗೆ ಹೇಳಿದ್ದಕ್ಕೂ ಇದೆ. ಸರ್ಕಾರದ ಗುಟ್ಟಿಗಂತೂ ಇದ್ದೇ ಇದೆ."

"ಕೂಲಿಯವಳು ಸಂಘಕ್ಕೆ ಹೇಳಿದ್ದಕ್ಕೆ?"

"ನಿಮ್ಮ ಸಂಘವನ್ನೇ ಕಾನೂನು ಇನ್ನೂ ಕಣ್ಣೆತ್ತಿ ನೋಡಿಲ್ಲವಲ್ಲಮ್ಮ."

ಅವರೆದುರೇ ಅಂದುಬಿಟ್ಟೆ: ಫೀಸು ಕೊಡುವವನ ಗುಟ್ಟಿಗೆ ಬೀಗ, ರಕ್ತ ಕೊಡುವವಳ ಗುಟ್ಟು ಬೀದಿಗೆ. ಇದನ್ನು ಬರೆದವರು ಯಾರೂ ಮಿಷನ್ನಿನ ಮುಂದೆ ನಿಂತವರಲ್ಲ.

ಹೊರಡುವಾಗ ವಕೀಲರು ಹೇಳಿದ ಇನ್ನೊಂದು ಮಾತನ್ನೂ ಬರೆದಿಡುತ್ತೇನೆ. "ಆ ಬೀಗ ನಮ್ಮದಲ್ಲ ನೋಡು, ಕಕ್ಷಿಗಾರನದು. ತೆಗಿ, ಬೇಡ ಅನ್ನೋ ಹಕ್ಕು ಅವನೊಬ್ಬನದೇ." ಇರಲಿ. ವಕೀಲರ ಸೂಕ್ಷ್ಮ ಅವರಿಗೆ.

೧೪ ಸೆಪ್ಟೆಂಬರ್, ಸೋಮವಾರ

ಬೇಗ ಬೇಗ ಬರೆಯುತ್ತಿದ್ದೇನೆ. ಇವತ್ತು ಕೋರ್ಟು. ಹೆಸರು ಹೇಳುವುದಿಲ್ಲ. ಬಟ್ಟೆ ಕಟ್ಟಿಟ್ಟಿದ್ದೇನೆ. ಅತ್ತೆ ಕೇಳಿದರು, "ಜಪಸರ ತಗೊಂಡ್ಯಾ?" ತೆಗೆದುಕೊಂಡೆ.

೨೨ ಸೆಪ್ಟೆಂಬರ್, ಮಂಗಳವಾರ

ನಿನ್ನೆ ಬಿಟ್ಟರು. ಬರೆಯುವುದು ಬೇಕಾದಷ್ಟಿದೆ.

ಮ್ಯಾಜಿಸ್ಟ್ರೇಟರು ಮೂರು ಬಗೆಯಲ್ಲಿ ಕೇಳಿದರು, ಮೆತ್ತಗೆ, ಗಟ್ಟಿಯಾಗಿ, ಮತ್ತೆ ಮೆತ್ತಗೆ. "ಸಂಘವನ್ನು ನಂಬಿ ಹೇಳಿದ ಹೆಣ್ಣಿನ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ" ಎಂದೆ. ಒಂದು ವಾರ ಜೈಲು ಅಂದರು. ಹಿಂದೆ ನಿಂತಿದ್ದ ಮಗ್ಗದವನೊಬ್ಬ ಸೀನಿದ್ದು ಕೂಡ ನೆನಪಿದೆ.

ಒಳಗೆ ಹೆಂಗಸರ ಕೊಠಡಿಯಲ್ಲಿ ಕಳ್ಳಭಟ್ಟಿ ಕೇಸಿನ ಮುದುಕಿಯೊಬ್ಬಳಿದ್ದಳು. ನನ್ನ ಕಥೆ ಕೇಳಿ ಬೊಚ್ಚುಬಾಯಿ ತೆರೆದು ನಕ್ಕಳು. "ಇನ್ನೊಬ್ಬರ ಎಸ್ರು ಏಳ್ದೆ ಒಳಗೆ ಬಂದೋಳು ನೀನೊಬ್ಳೇ ಕಣವ್ವ. ನಾವೆಲ್ಲ ಇನ್ನೊಬ್ಬರು ನಮ್ಮೆಸ್ರು ಏಳಿದ್ದಕ್ಕೆ ಬಂದಿರಾದು."

ಬಿಟ್ಟಾಗ ಬಾಗಿಲಲ್ಲಿ ಜನ! ಮಿಲ್ಲಿನವರು, ನಮ್ಮ ಮೊಹಲ್ಲಾದವರು, ಗುರುತಿಲ್ಲದವರು. ಸೇವಂತಿಗೆ ಹಾರ ಹಾಕಿದರು. ಜಟಕಾದಲ್ಲಿ ಕೂರಿಸಿದರು. ಮಾತಾಡು ಎಂದರು, ಮಾತಾಡಿದೆ. ಇಷ್ಟು ದೊಡ್ಡ ದನಿ ನನಗಿದೆ ಎಂದು ನನಗೇ ಗೊತ್ತಿರಲಿಲ್ಲ. ಪುಟ್ಟಸ್ವಾಮಿಯವರು "ಜಯಮೇರಮ್ಮನ ಬಾಯಿ ಖಜಾನೆ ಬಾಗಿಲು" ಅಂದಾಗ ಎಷ್ಟು ಚಪ್ಪಾಳೆ! ಬೇರೆ ಮಿಲ್ಲಿನ ಹೆಂಗಸರೂ ನನ್ನನ್ನು ನೋಡಲು ಬಂದಿದ್ದರಂತೆ.

ಮನೆಯಲ್ಲಿ ಅತ್ತೆ ಹಾರವನ್ನು ತೆಗೆದು ಮೊಳೆಗೆ ತೂಗುಹಾಕಿ, "ಉಣ್ಣೋಕ್ ಕೂತ್ಕೋ, ಹೂವು ಬೇಯಿಸೋಕಾಗಲ್ಲ" ಅಂದರು. ಅವರ ಬಾಯಿಯೇ ಹಾಗೆ. "ಆ ಹುಡುಗಿ ಹೆಂಗವಳೆ, ಇಚಾರಿಸಿದ್ಯಾ?" ಅಂದರು. ಇನ್ನೂ ಇಲ್ಲ. ಎಲ್ಲಿ ಪುರುಸೊತ್ತು?

೨೫ ಸೆಪ್ಟೆಂಬರ್, ಶುಕ್ರವಾರ

ಸಂಜೆ ಮಂಗಳಮ್ಮ ಬಂದಿದ್ದಳು. ಕಸರು ಕೋಣೆಯ ದಿನದಿಂದ ಅವಳು ನಮ್ಮ ಮನೆಗೆ ಬಂದಿದ್ದೇ ಇಲ್ಲ. ಸೆರಗನ್ನು ಹಣೆಗೆ ಎಳೆದುಕೊಂಡು ಹಿತ್ತಿಲ ಬಾಗಿಲಿನಿಂದ ಬಂದಳು. ನನ್ನ ಕಾಲಿಗೆ ಬಿದ್ದಾಳು ಎಂದುಕೊಂಡೆ. ಹಾಗೇನೂ ಮಾಡಲಿಲ್ಲ.

"ಅಕ್ಕಾ, ಇದನ್ನ ನಿಲ್ಲಿಸಿಬುಡು. ನಿನ್ನ ಮೆರವಣಿಗೆ ಆದ್ಮೇಲೆ ಖಾತೇಲಿ ಎಲ್ಲ ಬೆರಳು ಮಡಿಸಿ ನೋಡ್ತಾವ್ರೆ, ಆವತ್ತು ಯಾರು ಬಾಡ್ಕಂಡಿದ್ರು, ಮಾರ್ನೆ ದಿನ ಯಾರು ಬರ್ಲಿಲ್ಲ ಅಂತ. ಕ್ಷಮಾಪಣೆ ಬರ್ಕೊಟ್ರೆ ಕೇಸು ಬುಡ್ತಾರಂತೆ. ಪುಟ್ಟಸ್ವಾಮಣ್ಣಂಗೆ ನೀನು ಒಂದ್ ಮಾತು ಹೇಳು."

"ಕ್ಷಮಾಪಣೆಯಾ? ನಿನಗೋಸ್ಕರ ನಾನು ಜೈಲಿಗೆ ಹೋಗಿ ಬಂದಿದ್ದೀನಿ ಕಣೆ!"

"ಓಗು ಅಂತ ನಾನು ಏಳ್ಲಿಲ್ವಲ್ಲಕ್ಕ."

ಎಂಥ ಮಾತು! ಆದರೂ ತಾಳ್ಮೆಯಿಂದ ತಿಳಿಹೇಳಿದೆ. ಇದು ಈಗ ನಿನ್ನೊಬ್ಬಳ ಮಾತಲ್ಲ, ಸಾವಿರಾರು ಕೂಲಿಗಳ ಮಾನದ ಮಾತು, ಹೆದರಬೇಡ, ನಾನಿರುವವರೆಗೆ ನಿನ್ನ ಹೆಸರು ಹೊರಗೆ ಬಾರದು ಎಂದೆ. ಪುಟ್ಟಸ್ವಾಮಿಯವರಿಗೆ ಹೇಳಲು ಒಪ್ಪಲಿಲ್ಲ. ಸಂಘ ತಲೆ ಬಾಗಿಸುವುದನ್ನು ನಾನು ಹೇಗೆ ಕೇಳಲಿ? ಅವಳು ಅದೇ ಬಾಗಿಲಿನಿಂದ ಹೋದಳು. ಅತ್ತೆ ಬೀದಿ ತಿರುಗುವವರೆಗೂ ಅವಳ ಹಿಂದೆ ನಡೆದುಹೋಗಿ ಬಂದರು.

೨೭ ಸೆಪ್ಟೆಂಬರ್, ಭಾನುವಾರ

ನಾನು ಕ್ಷೇಮವಾಗಿ ಹೊರಗೆ ಬಂದಿದ್ದಕ್ಕೆ ಒಂದು ಹರಕೆ ಪೂಜೆ ಒಪ್ಪಿಸಬೇಕು ಎಂದು ಒಳಗಿದ್ದಾಗಲೇ ಅಂದುಕೊಂಡಿದ್ದೆ. ನಿನ್ನೆ ಚರ್ಚಿನ ಉಪದೇಶಿಯ ಹತ್ತಿರ ಹೋಗಿ ಕಾಣಿಕೆ ಕೊಟ್ಟೆ. ಯಾರಿಗಾಗಿ ಎಂದರು. ಮಂಗಳಮ್ಮನ ಆ ಮುಖ ನೆನಪಾಯಿತು. ಹಿಂದೂ ಹೆಣ್ಣಾದರೇನು, ಮಾತೆ ಮರಿಯಮ್ಮನವರು ನೋಡಿಕೊಳ್ಳುತ್ತಾರೆ. ಆ ಪೂಜೆಯನ್ನು ಅವಳಿಗೇ ಒಪ್ಪಿಸಿದೆ.

ಇವತ್ತು ಪಾದ್ರಿಗಳ ಪ್ರಸಂಗ ಮುಗಿದ ಮೇಲೆ ಉಪದೇಶಿ ಎಂದಿನಂತೆ ವಾರದ ಪೂಜೆಗಳನ್ನು ಗಟ್ಟಿಯಾಗಿ ಓದಿದರು, ಯಾವ ದಿನ ಯಾರಿಗಾಗಿ, ಯಾರ ಕಾಣಿಕೆ. "ಗುರುವಾರದ ಪೂಜೆ, ಹಿನಕಲ್ಲಿನ ಮಂಗಳಮ್ಮನ ಕಷ್ಟ ಪರಿಹಾರಕ್ಕಾಗಿ, ಜಯಮೇರಿಯ ಕಾಣಿಕೆ." ನನ್ನ ಹೆಸರು ಬಂದಾಗ ಹೆಂಗಸರ ಕಡೆಯಿಂದ ಎಷ್ಟೋ ತಲೆಗಳು ತಿರುಗಿದವು. ಗಂಡಸರ ಕಡೆ ಮುಂದಿನ ಸಾಲಿನಲ್ಲಿ ಮೇಸ್ತ್ರಿ ಡೊಮಿನಿಕ್ ಕೂಡ ತಿರುಗಿ ನೋಡಿದ. ನೋಡಲಿ. ನಾನು ಕಣ್ಣು ತಗ್ಗಿಸಲಿಲ್ಲ.

ಪಕ್ಕದಲ್ಲಿದ್ದ ಅತ್ತೆ ನನ್ನ ತೋಳನ್ನು ಉಗುರು ಇಳಿಯುವಂತೆ ಹಿಡಿದರು. ಮನೆಗೆ ಬಂದು, "ಏನ್ ಕೆಲಸ ಮಾಡ್ದೆ ನೀನು?" ಅಂದರು. ಪ್ರಾರ್ಥನೆ ಮಾಡಿಸಿದೆ, ಇನ್ನೇನು?

೧ ಅಕ್ಟೋಬರ್, ಗುರುವಾರ

ಮಂಗಳಮ್ಮನನ್ನು ಮ್ಯಾನೇಜರ ಆಫೀಸಿಗೆ ಕರೆಸಿದರು. ಅವಳಿಗೂ ಕುರ್ಚಿ ಕೊಟ್ಟರಂತೆ.

ನಾನು ಕಾರಣ ಹೇಳಿರಲಿಲ್ಲ. ಹೆಸರು ಮಾತ್ರ ಕೊಟ್ಟಿದ್ದೆ. ಕೊಟ್ಟಿದ್ದು ದೇವರಿಗೆ. ಮೇಸ್ತ್ರಿಗೆ ಕಿವಿಯಿದ್ದರೆ ಅದು ನನ್ನ ತಪ್ಪೇ?

೪ ನವೆಂಬರ್, ಬುಧವಾರ

ದಸರಾ ರಜಾ ಮುಗಿದು ನಾಳೆ ಮತ್ತೆ ಕೋರ್ಟು. ಮಿಲ್ಲಿನ ಕಡೆಯವರು ಮಂಗಳಮ್ಮನನ್ನೇ ತಮ್ಮ ಸಾಕ್ಷಿಯಾಗಿ ಕರೆದಿದ್ದಾರೆ. ನನಗೇನೂ ಆಗಿಲ್ಲ ಎಂದು ಅವಳ ಬಾಯಲ್ಲೇ ಹೇಳಿಸುತ್ತಾರೆ. ಹೇಳಿದರೆ ಕೆಲಸ ಉಳಿಯುತ್ತದೆ. ಅಣ್ಣ ನಿಂಗಯ್ಯನೂ ಬರುತ್ತಾನಂತೆ, ತಂಗಿಯ ಮೇಲಿನ ಅಪವಾದ ಸುಳ್ಳಾಗುವುದನ್ನು ಕಿವಿಯಾರೆ ಕೇಳಲು.

ವಕೀಲರ ಮನೆಯಲ್ಲಿ ಮಾತಾಯಿತು. ನಂಜುಂಡಸ್ವಾಮಿಯವರು ನನಗೆ ಹೇಳಿದರು: "ನಿನ್ನನ್ನ ಮತ್ತೆ ಕೂಗಬಹುದು. ನೀನು ಮೊದಲಿನ ಹಾಗೇ ಉತ್ತರ ಕೊಡಲ್ಲ ಅನ್ನಬಹುದು. ಪುಟ್ಟಸ್ವಾಮಿಗೆ ಶಿಕ್ಷೆ ಆಗೋದು ಮಾತ್ರ ಖಂಡಿತ."

ಪುಟ್ಟಸ್ವಾಮಿಯವರು ಬೀಡಿ ಆರಿಸಿ ಎದ್ದರು. "ಆಗ್ಲಿ ಬುಡಿ ಸ್ವಾಮಿ. ಆರ್ ತಿಂಗ್ಳು ಹೋಗ್ಬಂದ್ರೆ ಕರಗೋಗಲ್ಲ. ಆ ಹೆಣ್ಮಗಳು ಬದುಕ್ಕೊಳ್ಳಲಿ. ಜಯಮೇರಮ್ಮ, ನೀವು ಸುಮ್ನಿದ್ದುಬುಡಿ."

ಸುಮ್ಮನಿರಬೇಕಂತೆ. ಸುಮ್ಮನಿದ್ದರೆ ಕರಪತ್ರ ಸುಳ್ಳಾಗುತ್ತದೆ. ಕರಪತ್ರ ಸುಳ್ಳಾದರೆ ನಾನು ಯಾವುದಕ್ಕೆ ಒಳಗಿದ್ದೆ?

೫ ನವೆಂಬರ್, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಂಗಳಮ್ಮ ಕಟಕಟೆಯಲ್ಲಿ ನಿಂತಳು. ಒಗೆದ ಸೀರೆ, ತಗ್ಗಿದ ಮುಖ. ಬಾಗಿಲ ಹತ್ತಿರ ನಿಂಗಯ್ಯ, ರುಮಾಲು ಕಟ್ಟಿಕೊಂಡು, ಕೈಕಟ್ಟಿಕೊಂಡು.

"ಆವತ್ತು ಮಿಲ್ಲಿನಲ್ಲಿ ನಿನಗೆ ಏನಾಯಿತಮ್ಮ?"

"ಏನೂ ಆಗ್ನಿಲ್ಲ ಸ್ವಾಮಿ. ಜರ ಬಂದಿತ್ತು."

"ಈ ಜಯಮೇರಿಗೆ ಏನಾದರೂ ಹೇಳಿದ್ದೆಯಾ?"

"ಆಯಮ್ಮ ನಮ್ ಸಾಲಿನೋಳು. ನೀರ್ಗೆ ಓದಾಗ ಮಾತಾಡೀವಿ. ಬ್ಯಾರೆ ಏನೂ ಇಲ್ಲ."

ಕಣ್ಣೆತ್ತದೆ ಹೇಳಿದಳು. ನಿಂಗಯ್ಯನ ತೋಳು ಸಡಿಲವಾಯಿತು, ಪಕ್ಕದವನಿಗೆ ಏನೋ ಹೇಳಿ ತಲೆಯಾಡಿಸಿದ. ನನ್ನ ಮನೆಯಲ್ಲಿ ಮಲಗಿ, ನಮ್ಮತ್ತೆಯ ಕೈಯಲ್ಲಿ ಕಷಾಯ ಕುಡಿದವಳು!

ನನ್ನನ್ನು ಕೂಗಿದರು. ಸುವಿಶೇಷದ ಪುಸ್ತಕದ ಮೇಲೆ ಕೈಯಿಟ್ಟೆ. ಮಿಲ್ಲಿನ ವಕೀಲ ಕನ್ನಡಕ ಸರಿಮಾಡಿಕೊಂಡು ಕೇಳಿದ: "ಹೆಸರಿಲ್ಲದ ಹೆಂಗಸು ಇವಳೇನಾ? ಅಥವಾ ಅಂಥ ಹೆಂಗಸೇ ಇಲ್ಲವೋ?"

ನಮ್ಮ ವಕೀಲರು ನನ್ನನ್ನೇ ನೋಡುತ್ತಿದ್ದರು. ಪುಟ್ಟಸ್ವಾಮಿಯವರು ಬೇಡ ಎಂದು ಕತ್ತಾಡಿಸಿದರು, ಕಂಡೆ. ಉತ್ತರ ಕೊಡುವುದಿಲ್ಲ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಆ ವಕೀಲ ಜನರ ಕಡೆ ತಿರುಗಿ, "ಇಲ್ಲದ ಕೂಸಿಗೋಸ್ಕರ ಒಂದು ವಾರ ಒಳಗಿದ್ದು ಹಾರ ಹಾಕಿಸಿಕೊಂಡಳು ನೋಡಿ ಸ್ವಾಮಿ" ಅಂದ. ನಕ್ಕರು. ಮಿಲ್ಲಿನವರು ಮಾತ್ರವಲ್ಲ, ನಮ್ಮವರೂ ಒಂದಿಬ್ಬರು ನಕ್ಕರು.

"ಹೌದು, ಇವಳೇ" ಎಂದೆ. "ಮಂಗಳಮ್ಮನೇ. ನಾನು ಸುಳ್ಳುಗಾರ್ತಿಯಲ್ಲ. ಬೇಕಾದರೆ ನಮ್ಮತ್ತೆ ಅಂತೋಣಿಯಮ್ಮನನ್ನು ಕರೆಸಿ ಕೇಳಿ."

ಮಂಗಳಮ್ಮ ಆಗ ಮೊದಲ ಸಲ ನನ್ನನ್ನು ನೋಡಿದಳು. ಆಮೇಲೆ ಬಾಗಿಲ ಕಡೆ ನೋಡಿದಳು. ಅಲ್ಲಿ ನಿಂಗಯ್ಯ ಇರಲಿಲ್ಲ. ಮನೆಗೆ ಹೊರಟುಬಿಟ್ಟಿದ್ದ. ಅವಳು ಕಟಕಟೆಯ ಪಕ್ಕದಿಂದ ಎದ್ದು ಓಡಿದಳು. ಹಿನಕಲ್ಲಿನವರೆಗೂ ಓಡಿದಳು ಎಂದು ಆಮೇಲೆ ಯಾರೋ ಅಂದರು.

ಅತ್ತೆಯನ್ನು ಮಧ್ಯಾಹ್ನ ಕರೆಸಿದರು. ಪ್ರಮಾಣ ಮಾಡಿದ ಮೇಲೆ ಅವರು ಸುಳ್ಳು ಹೇಳುವವರಲ್ಲ. "ಹೂಂ" ಎಂದಷ್ಟೇ ಹೇಳಿ ಇಳಿದರು.

೭ ನವೆಂಬರ್, ಶನಿವಾರ

ನಿಂಗಯ್ಯ ಮಗುವನ್ನು ಒಳಗಿಟ್ಟುಕೊಂಡು ಬಾಗಿಲು ಹಾಕಿದನಂತೆ. ಮಂಗಳಮ್ಮ ಹೊರಗೆ ಜಗಲಿಯ ಮೇಲೆ ಎರಡು ದಿನ ಕೂತಿದ್ದಳಂತೆ. ಒಳಗಿನಿಂದ ಮಗು ಕರೆಯುವುದು ಬೀದಿಗೆಲ್ಲ ಕೇಳುತ್ತಿತ್ತಂತೆ. ಅತ್ತೆ ಇವತ್ತು ಅಲ್ಲಿಗೆ ಹೋಗಿ ಬಂದರು. ಅವರು ಹೋಗುವ ಹೊತ್ತಿಗೆ ಜಗಲಿ ಖಾಲಿ. ಎಲ್ಲಿಗೆ ಹೋದಳು ಎಂದು ಯಾರೂ ಹೇಳಲಿಲ್ಲ.

ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಸಾರು ಬಡಿಸಿ ಮುಖ ತಿರುಗಿಸುತ್ತಾರೆ. ನಾನೇನು ಸುಳ್ಳು ಹೇಳಿದೆನೇ?

೧೮ ನವೆಂಬರ್, ಬುಧವಾರ

ಗೆದ್ದೆವು. ಪುಟ್ಟಸ್ವಾಮಿ ಬಿಡುಗಡೆ. ಕರಪತ್ರದ ಮಾತು ನಿಜವೆಂದು ರುಜುವಾತಾಗಿದೆ ಎಂದು ತೀರ್ಪು. ಡೊಮಿನಿಕ್‌ನನ್ನು ಬೇರೆ ಖಾತೆಗೆ ಹಾಕಿದ್ದಾರೆ, ಮೇಸ್ತ್ರಿಯಾಗಿಯೇ.

ಗೇಟಿನಲ್ಲಿ ಹಾರ ತಂದಿದ್ದರು. ಪುಟ್ಟಸ್ವಾಮಿಯವರು ಹಾಕಿಸಿಕೊಳ್ಳಲಿಲ್ಲ. "ನಾನು ಜೈಲಿಗೆ ಹೋಗಾಕೆ ತಯಾರಾಗಿದ್ದೆ ಕಣವ್ವ" ಎಂದು ನನಗೊಬ್ಬಳಿಗೇ ಕೇಳುವಂತೆ ಹೇಳಿ, ಸೈಕಲ್ಲು ತಳ್ಳಿಕೊಂಡು ಹೋದರು. ಗೆದ್ದ ದಿನ ಇದೆಂಥ ಮಾತು! ಜನ ಕಾಯುತ್ತಿದ್ದರು, ಹಾರ ಬಾಡಬಾರದಲ್ಲ, ನಾನು ಹಾಕಿಸಿಕೊಂಡೆ.

೨ ಡಿಸೆಂಬರ್, ಬುಧವಾರ

ಖಾತೆಯಲ್ಲಿ ಹೆಂಗಸರು ನಲ್ಲಿಯ ಹತ್ತಿರ ಸೇರಿಕೊಂಡು ಮಾತಾಡುತ್ತಿದ್ದರು. ನಾನು ಹೋದೆ. ಮಾತು ನಿಂತಿತು. ಒಬ್ಬೊಬ್ಬಳೇ ಕೊಡ ಎತ್ತಿಕೊಂಡು ಹೋದಳು.

ಹೊಸದಾಗಿ ಸೇರಿದ ಕೆಂಚಮ್ಮ ಉಳಿದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಸೆರಗು ನೆನೆದು ಕೆಂಪಾಗಿತ್ತು. ಬಾಬಿನ್ನಿನ ಕಂಬಿಗೆ ಬೆರಳು ಸಿಕ್ಕಿರಬೇಕು.

"ಏನಾಯ್ತೇ? ತೋರಿಸು. ಮೇಸ್ತ್ರಿ ಮಿಷನ್ ನಿಲ್ಲಿಸಲಿಲ್ವಾ?"

ಕೈಯನ್ನು ಬೆನ್ನ ಹಿಂದೆ ತೆಗೆದುಕೊಂಡಳು. "ಏನಿಲ್ಲ ಬುಡಿ."

"ಸಂಘಕ್ಕೆ ಹೇಳೇ, ಹೆದರಬೇಡ. ನಾನು ಜಯಮೇರಿ."

"ಗೊತ್ತು ಕಣಕ್ಕ" ಅಂದಳು. ಇನ್ನೊಂದು ಕೈಯಲ್ಲಿ ಕೊಡ ಎತ್ತಲಾರದೆ, ಅದನ್ನು ಅಲ್ಲೇ ಬಿಟ್ಟು ಮಿಷನ್ನಿಗೆ ಹೋದಳು.

ಈ ಹೆಂಗಸರಿಗೆ ಸಂಘಟನೆ ಎಂದರೆ ಏನೆಂದು ಇನ್ನೂ ಅರ್ಥವಾಗಿಲ್ಲ. ಮುಂದಿನ ಸಭೆಯಲ್ಲಿ ಇದರ ಬಗ್ಗೆ ಗಟ್ಟಿಯಾಗಿ ಮಾತಾಡಬೇಕು.